ವಿಂಡೋಸ್, ಮ್ಯಾಕ್, ಉಬುಂಟು ಮೂರೂ ಇರುವ ಅಂಗಡಿಯಲ್ಲಿ ಫೈಲ್ ಶೇರ್ ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮುಲುಂಡ್‌ನಲ್ಲಿ ನಿಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಟೈಪಿಂಗ್ ವಿಂಡೋಸ್ 11 ಪ್ರೊ ಪಿಸಿಯಲ್ಲಿ, ಡಿಸೈನ್ ಮ್ಯಾಕ್‌ನಲ್ಲಿ, ಜೊತೆಗೆ ಉಬುಂಟು ಅನ್ನೋ ಲಿನಕ್ಸ್ ಹಾಕಿದ ಒಂದು ಹಳೆ ಪಿಸಿ ಸುಮ್ನೆ ಕೂತಿದೆ. ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಉಳಿದೆರಡು ಕಾಣೋದಿಲ್ಲ, ಮ್ಯಾಕ್‌ನಿಂದ ವಿಂಡೋಸ್‌ಗೆ ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತೆ. ಸದ್ಯಕ್ಕೆ ವಾಟ್ಸಾಪ್, ಪೆನ್‌ಡ್ರೈವ್‌ನಲ್ಲಿ ನಡೀತಿದೆ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚೋ ಎಸ್‌ಎಂಬಿ ಅನ್ನೋ ಭಾಷೆಯ ಹಳೆ ರೂಪ, ಎಸ್‌ಎಂಬಿ 1, ಆನ್ ಮಾಡಿದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದ್ದಾರೆ, ಮಾಡಲಾ? ಪುಣೆಯಲ್ಲಿರುವ ನಿಮ್ಮ ತಮ್ಮ ಅಲ್ಲಿಂದಲೇ ಫೈಲ್ ತೆಗೆಯೋಕೆ ಆಗುತ್ತಾ?

ನಾನು ಘಾಟ್‌ಕೋಪರ್‌ನವನು. ಸಣ್ಣ ಆಫೀಸು, ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳೋದೇ ನನ್ನ ಕೆಲಸ. ಈ ಪ್ರಶ್ನೆ ನನಗೆ ಕನ್ನಡ, ಮರಾಠಿ, ಗುಜರಾತಿ ಎಲ್ಲದರಲ್ಲೂ ಬರುತ್ತೆ.

ಎಸ್‌ಎಂಬಿ 1 ಆನ್ ಮಾಡಬೇಡಿ. 2017ರ ಮೇನಲ್ಲಿ ಪ್ರಪಂಚದ ತುಂಬ ಹಬ್ಬಿದ ವಾನ್ನಾಕ್ರೈ ಅನ್ನೋ, ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ ನುಗ್ಗಿದ್ದು ಆ ಹಳೆ ಎಸ್‌ಎಂಬಿ 1ರಲ್ಲಿದ್ದ ತೂತಿನಿಂದಲೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಹಾಕೋದನ್ನೇ ಬಿಟ್ಟಿತು. ನಿಮ್ಮ ಮೂರೂ ಯಂತ್ರಕ್ಕೆ ಎಸ್‌ಎಂಬಿ 3 ಗೊತ್ತು. ಮ್ಯಾಕ್ 2013ರ ಮ್ಯಾವರಿಕ್ಸ್‌ನಿಂದಲೇ ತನ್ನ ಹಳೆ ಎಎಫ್‌ಪಿ ಪಕ್ಕಕ್ಕಿಟ್ಟು ಎಸ್‌ಎಂಬಿಗೆ ಬಂದಿದೆ. ಉಬುಂಟುಗೆ ಎಸ್‌ಎಂಬಿ ಮಾತಾಡೋ ಸಾಂಬಾ ಅನ್ನೋ ಸಾಫ್ಟ್‌ವೇರ್ ಇದೆ. ಅಂದರೆ ಮೂವರಿಗೂ ಒಂದೇ ಭಾಷೆ ಬರುತ್ತೆ, ಹೊಸದೇನೂ ಕಲಿಸಬೇಕಿಲ್ಲ.

ಹಾಗಾದರೆ ಕಾಣೋದಿಲ್ಲ ಯಾಕೆ? ಕಾಣೋದು ಬೇರೆ, ಸೇರೋದು ಬೇರೆ. ಪಟ್ಟಿಯಲ್ಲಿ ಹೆಸರು ತೋರಿಸೋ ವ್ಯವಸ್ಥೆ ಒಬ್ಬೊಬ್ಬರದು ಒಂದೊಂದು. ವಿಂಡೋಸ್ ಈಗ ಡಬ್ಲ್ಯುಎಸ್ ಡಿಸ್ಕವರಿ ಅನ್ನೋದನ್ನು ಬಳಸುತ್ತೆ, ಮ್ಯಾಕ್ ಬಾನ್‌ಜೂರ್ ಬಳಸುತ್ತೆ, ಉಬುಂಟು ಅದೇ ಬಾನ್‌ಜೂರ್ ತರಹದ ಅವಾಹಿ ಬಳಸುತ್ತೆ. ಒಬ್ಬ ಕೂಗಿದ್ದು ಇನ್ನೊಬ್ಬನಿಗೆ ಕೇಳಿಸದಿದ್ದರೆ ಪಟ್ಟಿ ಖಾಲಿ, ಅಷ್ಟೇ. ಫೈಲ್ ಹೋಗಿಬರೋ ದಾರಿ, ಅಂದರೆ 445ನೇ ಪೋರ್ಟು, ಆಗಲೂ ಪೂರ್ತಿ ಸರಿ ಇರಬಹುದು. ಜನ ಆ ಪಟ್ಟಿಯ ಹಿಂದೆ ಬಿದ್ದು ಫೈರ್‌ವಾಲ್ ಆಫ್ ಮಾಡ್ತಾರೆ, ಎಸ್‌ಎಂಬಿ 1 ಹಾಕ್ತಾರೆ, ಪಾಸ್‌ವರ್ಡ್ ತೆಗೀತಾರೆ, ಕೊನೆಗೆ ಹೆಸರು ಕಂಡರೂ ಒಳಗೆ ಹೋಗೋಕೆ ಆಗಲ್ಲ. ನೀವು ಪಟ್ಟಿಯನ್ನು ಮರೆತುಬಿಡಿ, ನೇರ ಅಡ್ರೆಸ್ ಹಾಕಿ ಹೋಗಿ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮೇಲಿನ ಅಡ್ರೆಸ್ ಬಾರ್‌ನಲ್ಲಿ \\192.168.1.20 ಅಂತ ಟೈಪ್ ಮಾಡಿ ಎಂಟರ್. ಮ್ಯಾಕ್‌ನ ಫೈಂಡರ್‌ನಲ್ಲಿ ಕಮಾಂಡ್ ಒತ್ತಿ ಕೆ ಒತ್ತಿ, ಎಸ್‌ಎಂಬಿ, ಕೋಲನ್, ಎರಡು ಸ್ಲ್ಯಾಶ್, ಆಮೇಲೆ ಅದೇ ನಂಬರ್. ಆ ನಂಬರ್ ಅಂದರೆ ನೀವು ಸೇರಬೇಕಾದ ಯಂತ್ರದ ಐಪಿ ಅಡ್ರೆಸ್, ನೆಟ್‌ವರ್ಕ್‌ನಲ್ಲಿ ಅದರ ವಿಳಾಸ. ನಿಮ್ಮಲ್ಲಿ ಬೇರೆ ಇರುತ್ತೆ, ನೋಡಿಕೊಳ್ಳಿ.

ನಂಬರ್ ನೋಡುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ಮುಂಬೈ ಅಂಗಡಿಗಳಲ್ಲಿ ಇದು ತುಂಬ ಜಾಸ್ತಿ. ಬ್ರಾಡ್‌ಬ್ಯಾಂಡ್‌ನವರು ಒಂದು ಬಾಕ್ಸ್ ಕೊಟ್ಟಿರ್ತಾರೆ, ಅದರಲ್ಲೂ ವೈಫೈ ಇರುತ್ತೆ. ಸಿಗ್ನಲ್ ಸಾಲಲ್ಲ ಅಂತ ನಾವು ಲ್ಯಾಮಿಂಗ್ಟನ್ ರೋಡಿನಿಂದ ಇನ್ನೊಂದು ರೌಟರ್ ತಂದು ಅದಕ್ಕೆ ಸಿಕ್ಕಿಸ್ತೀವಿ, ಹೆಸರು ಪಾಸ್‌ವರ್ಡ್ ಎರಡಕ್ಕೂ ಒಂದೇ ಇಡ್ತೀವಿ. ನೋಡೋಕೆ ಒಂದೇ ವೈಫೈ, ಒಳಗೆ ಎರಡು ನೆಟ್‌ವರ್ಕ್. ಒಂದು ಪಿಸಿಯ ನಂಬರ್ 192.168.1 ಅಂತ ಶುರುವಾಗಿ ಇನ್ನೊಂದರದು 192.168.0 ಅಂತ ಇದ್ದರೆ ನಿಮ್ಮ ಅರ್ಧ ಕಷ್ಟ ಅಲ್ಲೇ ಇದೆ. ಎರಡನೇ ರೌಟರ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಎಲ್ಲ ಒಂದೇ ಸಾಲಿಗೆ ಬರುತ್ತೆ. ಗೆಸ್ಟ್ ವೈಫೈಗೆ ಸೇರಿದ ಯಂತ್ರವೂ ಬೇರೆಯವರನ್ನು ಮುಟ್ಟೋಕೆ ಆಗಲ್ಲ, ಅದನ್ನೂ ನೋಡಿ.

ಈಗ ಪಾಸ್‌ವರ್ಡ್. ವಿಂಡೋಸ್ 11 ತೆರೆಯೋಕೆ ನೀವು ನಾಲ್ಕಂಕಿಯ ಪಿನ್ ಹಾಕ್ತೀರಿ ಅಲ್ವಾ? ಆ ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್‌ನಿಂದ ಬರುವವರಿಗೆ ಅದು ನಡೆಯಲ್ಲ, ಅಕೌಂಟಿನ ನಿಜವಾದ ಪಾಸ್‌ವರ್ಡ್ ಬೇಕು. ಯೂಸರ್ ಹೆಸರಿನ ಜಾಗದಲ್ಲೂ ಗೊಂದಲ ಆಗುತ್ತೆ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೆಟಪ್ ಮಾಡಿದ ಪಿಸಿಯಲ್ಲಿ ಒಳಗಿನ ಹೆಸರು ಸಾಮಾನ್ಯವಾಗಿ ನಿಮ್ಮ ಇಮೇಲಿನ ಮೊದಲ ಐದು ಅಕ್ಷರ ಆಗಿರುತ್ತೆ. ಇದೆಲ್ಲ ಯಾಕೆ ಬೇಕು, ಶೇರಿಂಗ್‌ಗೆಂದೇ ಒಂದು ಲೋಕಲ್ ಯೂಸರ್ ಮಾಡಿ ಅದಕ್ಕೆ ಒಳ್ಳೆ ಪಾಸ್‌ವರ್ಡ್ ಕೊಡಿ, ಮ್ಯಾಕ್‌ನಿಂದ ಬರುವಾಗ ಅದನ್ನೇ ಹಾಕಿ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ನಿಮ್ಮ ವೈಫೈ ಪಬ್ಲಿಕ್ ಅಂತ ಇದ್ದರೆ ಪ್ರೈವೇಟ್ ಮಾಡಿ. ಪಬ್ಲಿಕ್ ಇದ್ದಾಗ ಫೈರ್‌ವಾಲ್ ಬಾಗಿಲು ತೆಗೆಯಲ್ಲ, ಅದು ಸರಿಯಾದ ನಡವಳಿಕೆಯೇ, ಸ್ಟೇಷನ್ ವೈಫೈನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಾಪಾಡೋದು ಅದೇ.

ಪಾಸ್‌ವರ್ಡೇ ಬೇಡ, ಗೆಸ್ಟ್ ಇಟ್ಟುಬಿಡೋಣ ಅಂತ ಅನ್ನಿಸಬಹುದು. ವಿಂಡೋಸ್ 11 ಪ್ರೊನ 24ಎಚ್2 ವರ್ಷನ್‌ನಿಂದ ಅದು ನಡೆಯಲ್ಲ. ಅದರಲ್ಲಿ ಪ್ರತಿ ಎಸ್‌ಎಂಬಿ ಮಾತಿಗೂ ಸಹಿ ಬೇಕೇ ಬೇಕು ಅಂತ ಮಾಡಿದ್ದಾರೆ. ಸಹಿ ಹಾಕುವ ಕೀ ಹುಟ್ಟೋದು ಪಾಸ್‌ವರ್ಡ್‌ನಿಂದ. ಗೆಸ್ಟ್‌ಗೆ ಪಾಸ್‌ವರ್ಡ್ ಇಲ್ಲ, ಹಾಗಾಗಿ ಸಹಿಯೂ ಇಲ್ಲ, ಒಳಗೂ ಬಿಡಲ್ಲ. ಇದನ್ನು ಆಫ್ ಮಾಡೋ ದಾರಿಯನ್ನು ಎಷ್ಟೋ ವಿಡಿಯೋಗಳಲ್ಲಿ ತೋರಿಸ್ತಾರೆ. ದಯವಿಟ್ಟು ಮಾಡಬೇಡಿ. ನಿಮ್ಮ ಅಂಗಡಿಯಲ್ಲಿ ಗಿರಾಕಿಗಳ ಆಧಾರ್ ಕಾಪಿ, ಮದುವೆ ಪತ್ರಿಕೆ, ಫೋಟೋ ಎಲ್ಲ ಇರುತ್ತೆ. ವೈಫೈ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು ಅಂತ ಒಂದ್ಸಲ ಯೋಚಿಸಿ ನೋಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೂರೂ ಯಂತ್ರಗಳು ಒಂದಕ್ಕೊಂದು ಶೇರ್ ಮಾಡೋ ಹಾಗೆ ಕಟ್ಟೋದೇ ಇಲ್ಲ. ಮೂರು ದಿಕ್ಕಿನ ಶೇರಿಂಗ್‌ನಲ್ಲಿ ಒಂದೇ ಫೈಲಿನ ಮೂರು ರೂಪ ಹುಟ್ಟುತ್ತೆ, ಯಾವುದು ಪ್ರೆಸ್ಸಿಗೆ ಹೋಗಬೇಕು ಅಂತ ರಾತ್ರಿ ಹತ್ತಕ್ಕೆ ಜಗಳ ಶುರುವಾಗುತ್ತೆ. ಆ ಹಳೆ ಉಬುಂಟು ಪಿಸಿಯನ್ನೇ ಎಲ್ಲ ಫೈಲುಗಳ ಮನೆ ಮಾಡಿ. ಉಳಿದ ಇಬ್ಬರು ಅಲ್ಲಿಗೆ ಬಂದು ತಗೊಂಡು ಅಲ್ಲೇ ಇಡಲಿ. ಸಾಂಬಾ ಇದಕ್ಕೆಂದೇ ಇರೋದು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಶುರುವಿನಲ್ಲಿ ಆರಂಭಿಸಿದ ಕೆಲಸ, ಇವತ್ತಿಗೂ ಬಿಟ್ಟಿ, ಇವತ್ತಿಗೂ ಗಟ್ಟಿ.

ಉಬುಂಟುನಲ್ಲಿ ಸಾಂಬಾ ಹಾಕಿದ ಮೇಲೆ ಜನ ಸಿಕ್ಕಿಹಾಕಿಕೊಳ್ಳೋದು ಎರಡು ಕಡೆ. ಸಾಂಬಾಗೆ ತನ್ನದೇ ಪಾಸ್‌ವರ್ಡ್ ಪಟ್ಟಿ ಇದೆ, ಉಬುಂಟುಗೆ ಲಾಗಿನ್ ಆಗೋ ಪಾಸ್‌ವರ್ಡ್ ಅದಕ್ಕೆ ಗೊತ್ತೇ ಇಲ್ಲ. ಟರ್ಮಿನಲ್‌ನಲ್ಲಿ ಸುಡೋ, ಆಮೇಲೆ ಎಸ್‌ಎಂಬಿಪಾಸ್‌ಡಬ್ಲ್ಯುಡಿ, ಮೈನಸ್ ಎ, ಯೂಸರ್ ಹೆಸರು, ಇಷ್ಟು ಕೊಟ್ಟು ಬೇರೆಯಾಗಿ ಪಾಸ್‌ವರ್ಡ್ ಇಡಬೇಕು. ಇನ್ನೊಂದು ಅನುಮತಿ. ಸಾಂಬಾದ ಸೆಟ್ಟಿಂಗ್ ಫೈಲಿನಲ್ಲಿ ಬರೆಯಬಹುದು ಅಂತ ಹೇಳಿದರೆ ಸಾಲದು, ಆ ಫೋಲ್ಡರ್‌ನಲ್ಲಿ ಬರೆಯೋ ಅನುಮತಿ ಉಬುಂಟು ಲೆಕ್ಕದಲ್ಲೂ ಆ ಯೂಸರ್‌ಗೆ ಇರಬೇಕು. ಒಂದು ಕಡೆ ಹೂಂ, ಇನ್ನೊಂದು ಕಡೆ ಊಹೂಂ ಅಂದರೆ ಫೈಲ್ ತೆರೆಯುತ್ತೆ, ಸೇವ್ ಆಗಲ್ಲ. ಶೇರ್ ಕೆಳಗೆ ಫೋರ್ಸ್ ಯೂಸರ್ ಅನ್ನೋ ಸಾಲು ಸೇರಿಸಿದರೆ ಯಾರು ಸೇವ್ ಮಾಡಿದರೂ ಒಬ್ಬನದೇ ಹೆಸರಲ್ಲಿ ಕೂರುತ್ತೆ, ಸಣ್ಣ ಅಂಗಡಿಗೆ ಅದೇ ಸುಲಭ. ಬರೆದ ಮೇಲೆ ಟೆಸ್ಟ್‌ಪಾರ್ಮ್ ಅಂತ ಒಂದು ಕಮಾಂಡ್ ಇದೆ, ಸೆಟ್ಟಿಂಗ್‌ನಲ್ಲಿ ತಪ್ಪಿದ್ದರೆ ಅಲ್ಲೇ ಹೇಳುತ್ತೆ. ಉಬುಂಟುನಲ್ಲಿ ಫೈರ್‌ವಾಲ್ ಆನ್ ಇದ್ದರೆ ಅದರಲ್ಲಿ ಸಾಂಬಾಗೆ ದಾರಿ ಬಿಡಿ. ಮ್ಯಾಕ್‌ಗೆ ಹಿತವಾಗಿರಲಿ ಅಂದರೆ ಸಾಂಬಾದ ಫ್ರೂಟ್ ಅನ್ನೋ ಮಾಡ್ಯೂಲ್ ಹಾಕಿ. ವಿಂಡೋಸ್ ಪಟ್ಟಿಯಲ್ಲಿ ಕಾಣಲೇಬೇಕು ಅಂತ ಆಸೆ ಇದ್ದರೆ ಡಬ್ಲ್ಯುಎಸ್‌ಡಿಡಿ ಅನ್ನೋ ಪ್ಯಾಕೇಜ್ ಸಿಗುತ್ತೆ, ಅವಸರವಿಲ್ಲ.

ಉಬುಂಟು ಪಿಸಿಯ ನಂಬರ್ ಬದಲಾಗದ ಹಾಗೆ ರೌಟರ್‌ನಲ್ಲಿ ರಿಸರ್ವ್ ಮಾಡಿಡಿ. ವಿಂಡೋಸ್‌ನಲ್ಲಿ ಅದನ್ನು ಝಡ್ ಡ್ರೈವ್ ಅಂತ ಮ್ಯಾಪ್ ಮಾಡಿದರೆ ಟೈಪಿಂಗ್ ಮಾಡೋರಿಗೆ ನೆಟ್‌ವರ್ಕ್ ಅನ್ನೋ ಗೊಡವೆಯೇ ಇಲ್ಲ. ಮುಂಚೆ ಬೇರೆ ಹೆಸರಲ್ಲಿ ಸೇರೋಕೆ ನೋಡಿದ್ದರೆ ವಿಂಡೋಸ್ ಆ ಹಳೆ ಹೆಸರು ನೆನಪಿಟ್ಟುಕೊಂಡು ತಕರಾರು ತೆಗೆಯುತ್ತೆ. ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹೋಗಿ ಹಳೇದನ್ನು ಅಳಿಸಿ, ಪಿಸಿ ಒಮ್ಮೆ ರೀಸ್ಟಾರ್ಟ್ ಮಾಡಿ.

ಸಾಧ್ಯವಾದರೆ ಉಬುಂಟು ಪಿಸಿಗಾದರೂ ಕೇಬಲ್ ಎಳೆಯಿರಿ. ಅಗ್ಗದ ರೌಟರ್‌ಗಳಲ್ಲಿ ಕೇಬಲ್ ಸಿಕ್ಕಿಸೋ ಪೋರ್ಟು 100 ಎಂಬಿಪಿಎಸ್‌ದು ಇರುತ್ತೆ, ಅಂದರೆ ಸೆಕೆಂಡಿಗೆ 11-12 ಎಂಬಿ ಅಷ್ಟೇ. ಗಿಗಾಬಿಟ್ ಪೋರ್ಟಾದರೆ 110ರ ಹತ್ತಿರ ಹೋಗುತ್ತೆ. ದೊಡ್ಡ ಫ್ಲೆಕ್ಸ್ ಡಿಸೈನ್ ತೆರೆಯುವಾಗ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತೆ.

ನಮ್ಮ ಭಾಷೆಗೆ ಸಂಬಂಧಪಟ್ಟ ಒಂದು ವಿಷಯ ಇದೆ. ಇಂಗ್ಲಿಷ್ ಗೈಡುಗಳಲ್ಲಿ ಇದನ್ನು ಕನ್ನಡದ ಉದಾಹರಣೆ ಇಟ್ಟು ಹೇಳೋರಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೀತೀನಿ. ಮಾಟುಂಗದ ಕಡೆ ಒಂದು ಆಫೀಸಿನಲ್ಲಿ ಉಬುಂಟುನ ಒಂದೇ ಫೋಲ್ಡರ್‌ನಲ್ಲಿ "ಕೊನೆಯ ಪ್ರೂಫ್" ಅಂತ ಎರಡು ಫೈಲ್ ಕೂತಿದ್ದವು. ಹೆಸರು ಅಕ್ಷರಕ್ಕೆ ಅಕ್ಷರ ಒಂದೇ, ಸ್ಪೇಸ್ ಕೂಡ ಹೆಚ್ಚುಕಮ್ಮಿ ಇಲ್ಲ. ಕಾರಣ ಆ "ಕೊ". ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಸಂಕೇತ ಕೊಡೋ ಪದ್ಧತಿಯಲ್ಲಿ, ಒತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಎತ್ವದ ಗುರುತು ಮತ್ತು ಊಕಾರದ ಗುರುತು ಅಂತ ಎರಡಾಗಿ ಒಡೆದೂ ಇಡಬಹುದು. ಪರದೆಯ ಮೇಲೆ ಎರಡೂ "ಕೊ"ನೇ. ಈಕಾರ, ಏಕಾರ, ಐಕಾರ, ಓಕಾರಗಳದ್ದೂ ಇದೇ ಕಥೆ. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಹೆಸರನ್ನು ಒಡೆದೇ ಇಡುತ್ತಿತ್ತು. ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿಕೊಂಡೇ ಇರುತ್ತೆ. ಲಿನಕ್ಸ್‌ಗೆ ಸಂಕೇತ ಬೇರೆ ಅಂದರೆ ಹೆಸರೇ ಬೇರೆ, ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತೆ. ಹಳೆ ಮ್ಯಾಕ್ ಡಿಸ್ಕಿನಿಂದ ಆರ್‌ಸಿಂಕ್ ಅನ್ನೋ ಕಾಪಿ ಟೂಲ್‌ನಲ್ಲಿ ಕಾಪಿ ಮಾಡುವವರು ಅದರ ಐಕಾನ್ವ್ ಆಯ್ಕೆ ಬಳಸಿ ಹೆಸರು ಸರಿಮಾಡಿಕೊಳ್ಳಬಹುದು. ಅಂಗಡಿ ಕೆಲಸಕ್ಕಾದರೆ ಫೈಲ್ ಹೆಸರನ್ನು ಇಂಗ್ಲಿಷ್ ಸಣ್ಣ ಅಕ್ಷರ, ಅಂಕಿ, ಅಡ್ಡಗೆರೆಯಲ್ಲೇ ಇಡಿ, ಕನ್ನಡ ಫೈಲಿನ ಒಳಗಿರಲಿ. ನನಗೂ ಇದು ಬೇಜಾರಿನ ಮಾತೇ, ಆದರೆ ಪ್ರೆಸ್ಸಿಗೆ ಹಳೆ ಪ್ರೂಫ್ ಹೋಗೋದು ಇನ್ನೂ ಬೇಜಾರು. ಹೆಸರಿನಲ್ಲಿ ಕೋಲನ್, ಪ್ರಶ್ನೆ ಚಿಹ್ನೆ, ನಕ್ಷತ್ರ ಬೇಡ, ವಿಂಡೋಸ್ ಅವನ್ನು ಒಪ್ಪಲ್ಲ. ದೊಡ್ಡ ಅಕ್ಷರ ಸಣ್ಣ ಅಕ್ಷರವನ್ನು ಲಿನಕ್ಸ್ ಬೇರೆ ಬೇರೆ ಅಂತ ಎಣಿಸುತ್ತೆ, ವಿಂಡೋಸ್ ಎಣಿಸಲ್ಲ, ಅದೂ ನೆನಪಿರಲಿ.

ಇದರ ಜೊತೆ ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಮಾತು. ವಿಂಡೋಸ್‌ನಲ್ಲಿ ಹಳೆ ನುಡಿ 01 ಇ ತರಹದ ಫಾಂಟಿನಲ್ಲಿ ಟೈಪ್ ಮಾಡಿದ ಮ್ಯಾಟರ್ ಮ್ಯಾಕ್‌ನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರವಾಗಿ ಕಂಡರೆ ಶೇರಿಂಗ್ ಹಾಳಾಗಿದೆ ಅಂತ ತಿಳಿಯಬೇಡಿ, ಫೈಲ್ ಸರಿಯಾಗೇ ಬಂದಿದೆ. ಅದು ಯೂನಿಕೋಡ್ ಅಲ್ಲ, ಆ ಫಾಂಟ್ ಮ್ಯಾಕ್‌ನಲ್ಲೂ ಇರಬೇಕು. ಹೊಸ ಕೆಲಸವನ್ನಾದರೂ ಯೂನಿಕೋಡ್‌ನಲ್ಲಿ ಮಾಡಿಸಿ.

ಪೆನ್‌ಡ್ರೈವ್ ಪೂರ್ತಿ ಬಿಡೋಕೆ ಆಗಲ್ಲ, ಗಿರಾಕಿಗಳು ತರ್ತಾರೆ. ನಿಮ್ಮದನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್ 32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ, ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತೆ, ಬರೆಯಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸೋದಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅದು ಹಿಂಡಿ ಸಣ್ಣದು ಮಾಡುತ್ತೆ, ಪ್ರಿಂಟ್‌ನಲ್ಲಿ ಗೊತ್ತಾಗುತ್ತೆ. ಫೋನಿನಿಂದ ನೇರ ಪಿಸಿಗೆ ಬೇಕಾದರೆ ಲೋಕಲ್‌ಸೆಂಡ್ ಅನ್ನೋ ಬಿಟ್ಟಿ ಆಪ್ ಇದೆ, ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದಕ್ಕೂ ಸಿಗುತ್ತೆ, ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತೆ.

ಇನ್ನು ಪುಣೆಯ ತಮ್ಮ. ರೌಟರ್‌ನಲ್ಲಿ 445ನೇ ಪೋರ್ಟನ್ನು ಹೊರಗಿನವರಿಗೆ ತೆಗೆದಿಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಎಸ್‌ಎಂಬಿ ಬೀದಿಗೆ ಇಡೋ ವಸ್ತುವಲ್ಲ. ನಿಮ್ಮ ಉಬುಂಟುಗೂ ತಮ್ಮನ ಲ್ಯಾಪ್‌ಟಾಪ್‌ಗೂ ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಮೇಲೆ ನಡೆಯುವ ವಿಪಿಎನ್ ಅದು, ಅಂದರೆ ಇಂಟರ್ನೆಟ್ ಒಳಗೇ ನಿಮ್ಮಿಬ್ಬರದೇ ಖಾಸಗಿ ದಾರಿ, ರೌಟರ್ ಮುಟ್ಟೋ ಕೆಲಸ ಇಲ್ಲ, ಬ್ರಾಡ್‌ಬ್ಯಾಂಡ್‌ನವರು ನಿಮಗೆ ಸ್ವಂತ ಪಬ್ಲಿಕ್ ಐಪಿ ಕೊಟ್ಟಿರದಿದ್ದರೂ ಸೇರುತ್ತೆ. ನಿಮ್ಮ ತಮ್ಮ ಡಿಸೈನ್ ತಿದ್ದೋದಿದ್ದರೆ ದೂರದಿಂದ ನೇರ ತೆರೆಯೋದು ನಿಧಾನ, ಆ ಕೆಲಸದ ಫೋಲ್ಡರ್ ಒಂದನ್ನು ಮಾತ್ರ ಸಿಂಕ್‌ಥಿಂಗ್ ಅನ್ನೋ ಸಾಫ್ಟ್‌ವೇರ್‌ಗೆ ಕೊಡಿ, ಎರಡೂ ಕಡೆ ಒಂದೊಂದು ಪ್ರತಿ ಇರುತ್ತೆ. ಒಂದೇ ಫೈಲನ್ನು ಇಬ್ಬರೂ ಒಟ್ಟಿಗೆ ತಿದ್ದಿದರೆ ಅದು ಯಾರದನ್ನೂ ಅಳಿಸದೆ ಒಂದಕ್ಕೆ ಕಾನ್‌ಫ್ಲಿಕ್ಟ್ ಅಂತ ಹೆಸರು ಸೇರಿಸಿ ಇಡುತ್ತೆ. ಅಂಥ ಫೈಲ್ ಕಂಡರೆ ಇಬ್ಬರೂ ಫೋನಲ್ಲಿ ಮಾತಾಡಿಕೊಂಡು, ಯಾವುದು ಇರಲಿ ಅಂತ ಗೊತ್ತಾದ ಮೇಲೇ ಇನ್ನೊಂದನ್ನು ಡಿಲೀಟ್ ಮಾಡಿ.