ಮೃದ್ವಸ್ಥಿ ಗಟ್ಟಿಯಾದ್ರೆ ಮೂಳೆ ಆಗುತ್ತಾ?

ಮೇಡಂ, ನಿಮ್ಮ ಪತ್ರ ಬಂದು ಹತ್ತು ದಿನ ಆಯ್ತು, ತಡವಾಗಿ ಉತ್ತರ ಬರೀತಿರೋದಕ್ಕೆ ಕ್ಷಮಿಸಿ. ನೀವು ಕೇಳಿರೋದು ಎರಡು ಸಾಲಲ್ಲಿ ಬರೆದು ಮುಗಿಸೋ ಥರದ ಪ್ರಶ್ನೆಗಳಲ್ಲ, ಅದಕ್ಕೇ ಸ್ವಲ್ಪ ಟೈಮ್ ತಗೊಂಡೆ. ಮಿಕ್ಕ ಓದುಗರಿಗೂ ಗೊತ್ತಾಗ್ಲಿ ಅಂತ ಪತ್ರದ ಸಾರ ಮೊದಲು ಹೇಳ್ಬಿಡ್ತೀನಿ. (ಮೃದ್ವಸ್ಥಿ ಅಂದ್ರೆ ಕಾರ್ಟಿಲೇಜ್, ಕಿವಿ ಮೂಗಿನ ತುದಿಯಲ್ಲಿ ಒತ್ತಿದ್ರೆ ಬಾಗುತ್ತಲ್ಲ, ಅದೇ.) ಹೋದ ಸಂಚಿಕೆಯ ಮಕ್ಕಳ ಪುಟದಲ್ಲಿ ನಾವು "ಮಗು ಹೊಟ್ಟೆಯಲ್ಲಿರುವಾಗ ಮೂಳೆಯೆಲ್ಲ ಮೆತ್ತನೆ ಮೃದ್ವಸ್ಥಿ ಆಗಿರುತ್ತೆ, ಆಮೇಲೆ ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಿ ಮೂಳೆ ಆಗುತ್ತೆ, ಶಾರ್ಕ್‌ಗಳಲ್ಲಿ ಮಾತ್ರ ಅದು ಹಾಗೇ ಉಳ್ಕೊಂಡಿದೆ" ಅಂತ ಬರೆದಿದ್ವಿ. ನೀವದನ್ನ ಕ್ಲಾಸಲ್ಲಿ ಓದಿದಾಗ ಎಂಟನೇ ತರಗತಿ ಹುಡುಗಿಯೊಬ್ಬಳು ಎದ್ದು, ಹಂಗಾದ್ರೆ ಕಿವಿ ಮೂಗು ಯಾಕೆ ಗಟ್ಟಿ ಆಗಲ್ಲ ಮಿಸ್, ಶಾರ್ಕ್ ಅಂದ್ರೆ ಅರ್ಧಕ್ಕೇ ನಿಂತುಹೋದ ಮೀನಾ ಅಂತ ಕೇಳಿದ್ಳಂತೆ. ಕೈಗೆ ಪ್ಲಾಸ್ಟರ್ ಹಾಕ್ಕೊಂಡಿದ್ದ ಇನ್ನೊಬ್ಬ ಹುಡುಗ, ಈಗ ನನ್ನ ಕೈಯಲ್ಲೂ ಮೃದ್ವಸ್ಥಿ ಇದ್ಯಾ ಅಂದ್ನಂತೆ.

ಆ ಹುಡುಗಿ ಕೇಳಿದ್ದು ಸರಿ, ನಾವು ಬರೆದದ್ದು ತಪ್ಪು. ಒಂದೇ ವಾಕ್ಯದಲ್ಲಿ ಎರಡು ತಪ್ಪು ಮಾಡಿದೀವಿ, ಒಂದು ಭ್ರೂಣದ ವಿಷಯದಲ್ಲಿ, ಇನ್ನೊಂದು ಜೀವವಿಕಾಸದ ವಿಷಯದಲ್ಲಿ, ಎರಡರ ಬೇರೂ ಒಂದೇ: ಮೃದ್ವಸ್ಥಿ ಅಂದ್ರೆ ಇನ್ನೂ ಮೂಳೆ ಆಗದೇ ಇರೋ ಮೂಳೆ ಅನ್ನೋ ನಂಬಿಕೆ.

ಹಲವು ವರ್ಷದ ಹಿಂದೆ ಒಂದು ಕಾಲೇಜಿನ ಲ್ಯಾಬಲ್ಲಿ ಹೆಬ್ಬೆರಳಷ್ಟು ದಪ್ಪದ ಒಂದು ಗಾಜಿನ ಬಾಟಲಿ ನನ್ನ ಕೈಗೆ ಕೊಟ್ಟಿದ್ರು. ಒಳಗೆ ಗ್ಲಿಸರಿನ್, ಅದರಲ್ಲಿ ತೇಲ್ತಾ ಇದ್ದದ್ದು ಹುಟ್ಟೋಕೆ ಎರಡು ಮೂರು ದಿನ ಬಾಕಿಯಿದ್ದ ಇಲಿ ಭ್ರೂಣ. ಚರ್ಮ ಮಾಂಸ ಎಲ್ಲ ಗಾಜಿನ ಥರ ಪಾರದರ್ಶಕ ಆಗೋ ಹಾಗೆ ಮಾಡಿ ಎರಡು ಬಣ್ಣ ಕುಡಿಸಿದ್ರು, ಮೃದ್ವಸ್ಥಿಗೆ ಅಂಟೋ ಆಲ್ಸಿಯನ್ ನೀಲಿ, ಕ್ಯಾಲ್ಸಿಯಂಗೆ ಅಂಟೋ ಆಲಿಜರಿನ್ ಕೆಂಪು. ಕಿಟಕಿ ಬೆಳಕಿಗೆ ಹಿಡಿದ್ರೆ ಕಾಲಿನ ಒಂದೊಂದು ಉದ್ದ ಮೂಳೆಗೂ ನಡುವಲ್ಲಿ ಕೆಂಪು ಪಟ್ಟಿ, ಎರಡೂ ತುದಿಯಲ್ಲಿ ನೀಲಿ ಗುಂಡು. ಪಕ್ಕೆಲುಬುಗಳು ಬೆನ್ನಿನ ಕಡೆ ಕೆಂಪು, ಎದೆ ಕಡೆ ನೀಲಿ. ಆದ್ರೆ ನೆತ್ತಿ ಭಾಗದಲ್ಲಿ ನೀಲಿ ಸುಳಿವೇ ಇಲ್ಲ, ತೆಳ್ಳನೆ ಕೆಂಪು ಜಾಲರಿ ಮಾತ್ರ. ಕೊರಳೆಲುಬು ಅಂದ್ರೆ ಕಾಲರ್ ಬೋನ್ ಅಂತೂ ಅಚ್ಚ ಕೆಂಪು. ಆ ಬಾಟಲಿ ಇವತ್ತಿಗೂ ಕಣ್ಣಮುಂದೆ ಇದೆ, ಯಾಕಂದ್ರೆ ನಾವು ಬರೆದ ವಾಕ್ಯ ಸುಳ್ಳು ಅನ್ನೋಕೆ ಅದೊಂದೇ ಸಾಕು. "ಮೂಳೆಯೆಲ್ಲ" ಮೊದಲು ಮೃದ್ವಸ್ಥಿ ಆಗಿರಲ್ಲ. ತಲೆಬುರುಡೆಯ ಮೇಲ್ಭಾಗ, ಮುಖದ ಬಹುಪಾಲು ಮೂಳೆಗಳು, ಕೊರಳೆಲುಬಿನ ಹೆಚ್ಚಿನ ಭಾಗ, ಇವೆಲ್ಲ ಮೃದ್ವಸ್ಥಿಯ ಹಂತವೇ ಇಲ್ಲದೆ ನೇರವಾಗಿ ಮೂಳೆಯಾಗೇ ಶುರುವಾಗ್ತವೆ. ಕೂಸಿನ ನೆತ್ತಿ ಮುಟ್ಟಿದ್ರೆ ಮಿಡಿಯುತ್ತಲ್ಲ, ಅದು ಮೃದ್ವಸ್ಥಿ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅಲ್ಲ, ನಾಲ್ಕು ಕಡೆಯಿಂದ ಬೆಳೀತಿರೋ ಮೂಳೆ ಹಾಳೆಗಳು ಇನ್ನೂ ಸೇರದೆ ಉಳಿದಿರೋ ಜಾಗ, ಅಲ್ಲಿರೋದು ಪೊರೆ ಅಷ್ಟೆ.

ಆ ಕೆಂಪು ಬಣ್ಣದ ಕಥೆ ಇಲ್ಲಿ ಹೇಳಲೇಬೇಕು. ಆಲಿಜರಿನ್ ನಮ್ಮ ಮಂಜಿಷ್ಠದ ಜಾತಿಗೇ ಸೇರಿದ ಮ್ಯಾಡರ್ ಅನ್ನೋ ಗಿಡದ ಬೇರಲ್ಲಿರೋ ಬಣ್ಣ. 1736ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಬೆಲ್ಚಿಯರ್ ಬಟ್ಟೆಗೆ ಬಣ್ಣ ಹಾಕೋರೊಬ್ಬರ ಮನೇಲಿ ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಹಂದಿ ಮೂಳೆ ಕೆಂಪಗಿರೋದು ನೋಡಿದ್ರು, ವಿಚಾರಿಸಿದ್ರೆ ಆ ಹಂದಿ ತಿಂದದ್ದು ಬಣ್ಣದ ಕೆಲಸಕ್ಕೆ ಬಳಸಿ ಉಳಿದ, ಮ್ಯಾಡರ್ ಹತ್ತಿದ ಹೊಟ್ಟು. ಈ ಬಣ್ಣ ಹೊಸದಾಗಿ ಕಟ್ತಿರೋ ಮೂಳೆಗೆ ಮಾತ್ರ ಚೆನ್ನಾಗಿ ಹಿಡಿಯುತ್ತೆ, ಹಾಗಾಗಿ ಮೂಳೆ ಎಲ್ಲಿ ಬೆಳೀತಿದೆ ಅಂತ ಕಣ್ಣಾರೆ ನೋಡೋ ದಾರಿ ಸಿಕ್ತು. ಅದಕ್ಕೂ ಮುಂಚೆ, 1727ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹೇಲ್ಸ್ ಕೋಳಿಮರಿಯ ಕಾಲಿನ ಮೂಳೆಗೆ ಅರ್ಧ ಇಂಚು ಅಂತರದಲ್ಲಿ ಎರಡು ತೂತು ಮಾಡಿ ಎರಡು ತಿಂಗಳು ಬಿಟ್ಟು ನೋಡಿದ್ರು, ಮೂಳೆ ಉದ್ದ ಆಗಿತ್ತು, ತೂತುಗಳ ನಡುವಿನ ಅಂತರ ಮಾತ್ರ ಅಷ್ಟೇ ಇತ್ತು. ಅಂದ್ರೆ ಮೂಳೆ ರಬ್ಬರ್ ಥರ ಎಳೆದು ಉದ್ದ ಆಗಲ್ಲ, ತುದಿಗಳಲ್ಲಿ ಸೇರ್ತಾ ಹೋಗುತ್ತೆ.

ಆ ತುದಿಯಲ್ಲಿರೋದೇ ಗ್ರೋತ್ ಪ್ಲೇಟ್, ಮೃದ್ವಸ್ಥಿಯ ತೆಳು ಪದರ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಜೀವಕೋಶಗಳು ನಾಣ್ಯ ಒಂದರ ಮೇಲೊಂದು ಜೋಡಿಸಿದ ಹಾಗೆ ಸಾಲಾಗಿ ನಿಂತಿರ್ತವೆ. ಸಾಲಿನ ಒಂದು ಕಡೆ ಹೊಸ ಕೋಶಗಳು ಹುಟ್ತಾನೇ ಇರ್ತವೆ, ಇನ್ನೊಂದು ಕಡೆ ಹಳೆಯವು ಊದ್ಕೊಳ್ತವೆ, ಗಾತ್ರದಲ್ಲಿ ಹತ್ತು ಪಟ್ಟು ತನಕ, ನಾವು ಉದ್ದ ಆಗೋದರ ದೊಡ್ಡ ಪಾಲು ಈ ಊದುವಿಕೆಯಿಂದಾನೇ. ಊದಿದ ಕೋಶಗಳ ಸುತ್ತ ಕ್ಯಾಲ್ಸಿಯಂ ಲವಣ ಕೂರುತ್ತೆ, ನಿಜ, ನಾವು ಬರೆದದ್ದು ಇಷ್ಟರ ಮಟ್ಟಿಗೆ ಸರಿ, ಆದ್ರೆ ಹಾಗೆ ಗಟ್ಟಿಯಾದದ್ದು ಮೂಳೆ ಅಲ್ಲ, ಗಟ್ಟಿಯಾದ ಮೃದ್ವಸ್ಥಿ. ಮಾಮೂಲಿಯಾಗಿ ಮೃದ್ವಸ್ಥಿಯೊಳಗೆ ರಕ್ತನಾಳ ಇರಲ್ಲ, ಈ ಊದಿದ ಕೋಶಗಳೇ ವಿಇಜಿಎಫ್ ಅನ್ನೋ ಪ್ರೋಟೀನ್ ಬಿಟ್ಟು ರಕ್ತನಾಳಗಳನ್ನ ಒಳಕ್ಕೆ ಕರೀತವೆ, ನಾಳಗಳ ಜೊತೆಗೆ ಮೃದ್ವಸ್ಥಿಯನ್ನ ಕರಗಿಸೋ ಕೋಶಗಳೂ ಮೂಳೆ ಕಟ್ಟೋ ಕೋಶಗಳೂ ಬರ್ತವೆ. ಕರಗದೆ ಉಳಿದ ಗಟ್ಟಿ ಪಟ್ಟಿಗಳ ಮೇಲೆ ಹೊಸ ಮೂಳೆಯನ್ನ ಮೆತ್ತುತ್ತವೆ, ಆಮೇಲೆ ಆ ಪಟ್ಟಿಗಳೂ ಹೋಗ್ತವೆ.

ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಹೊಡೀತಾರಲ್ಲ ಹಾಗೆ ಅನ್ನಿ. ಹಲಗೆ ಆಕಾರ ಕೊಡುತ್ತೆ, ಹಲಗೆಯೇ ಕಾಂಕ್ರೀಟ್ ಆಗಲ್ಲ. ಆದ್ರೂ ಈ ಹೋಲಿಕೆಗೊಂದು ತಿದ್ದುಪಡಿ ಬೇಕು, 2014ರ ಸುಮಾರಿಗೆ ಇಲಿಗಳಲ್ಲಿ ಕೋಶಗಳಿಗೆ ಗುರುತು ಹಾಕಿ ಹಿಂಬಾಲಿಸಿದಾಗ ಊದಿದ ಮೃದ್ವಸ್ಥಿ ಕೋಶಗಳಲ್ಲಿ ಕೆಲವು ಸಾಯದೆ ತಾವೇ ಮೂಳೆ ಕಟ್ಟೋ ಕೋಶಗಳಾಗೋದು ಕಂಡಿತು, ಸೆಂಟ್ರಿಂಗ್ ಹೊಡೆದ ಕೆಲಸಗಾರರಲ್ಲೇ ಕೆಲವರು ಹಲಗೆ ಬಿಚ್ಚಿ ಕಾಂಕ್ರೀಟ್ ಕೆಲಸಕ್ಕೆ ನಿಂತ ಹಾಗೆ. ಕೆಲಸಗಾರ ಅವನೇ ಇರಬಹುದು, ಹಲಗೆ ಮಾತ್ರ ಕಾಂಕ್ರೀಟ್ ಆಗಲಿಲ್ಲ.

ಇನ್ನೂ ಪಕ್ಕಾ ಸಾಕ್ಷಿ ಬೇಕಂದ್ರೆ 1997ರಲ್ಲಿ ಸಿಕ್ತು. ರನ್‌ಎಕ್ಸ್2 ಅನ್ನೋ ಜೀನ್ ಇಲ್ಲದ ಇಲಿಮರಿಗಳಲ್ಲಿ ಅಸ್ಥಿಪಂಜರ ಪೂರ್ತಿ ಇತ್ತು, ಎಲ್ಲ ಮೃದ್ವಸ್ಥಿಯಲ್ಲೇ, ಅಲ್ಲಲ್ಲಿ ಕ್ಯಾಲ್ಸಿಯಂ ಕೂತಿತ್ತು ಕೂಡ, ಆದ್ರೆ ಒಂದು ಚೂರೂ ಮೂಳೆ ಇರಲಿಲ್ಲ. ಉಸಿರಾಡೋಕೆ ಆಗದೆ ಹುಟ್ಟಿದ ಕೂಡ್ಲೇ ಸತ್ತುಹೋದ್ವು. ಬರೀ ಗಟ್ಟಿಯಾದ್ರೆ ಸಾಕು ಅನ್ನೋದು ನಿಜ ಆಗಿದ್ರೆ ಅವಕ್ಕೂ ಮೂಳೆ ಇರಬೇಕಿತ್ತು. ಮನುಷ್ಯರಲ್ಲಿ ಇದೇ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ರೆ ಕೊರಳೆಲುಬು ಸಣ್ಣದಾಗಿರುತ್ತೆ ಇಲ್ಲಾ ಇರೋದೇ ಇಲ್ಲ, ಅಂಥವರಲ್ಲಿ ಕೆಲವರು ಎರಡೂ ಭುಜ ಎದೆ ಮುಂದೆ ತಂದು ಒಂದಕ್ಕೊಂದು ತಾಗಿಸಬಲ್ಲರು.

ಈಗ ಕಿವಿ ಮೂಗಿನ ಪ್ರಶ್ನೆ. ಅಲ್ಲಿನ ಕೋಶಗಳು ಊದೋ ಹಂತಕ್ಕೆ ಹೋಗಲ್ಲ, ರಕ್ತನಾಳ ಕರೆಯಲ್ಲ, ಹಾಗಾಗಿ ಮೂಳೆ ಕಟ್ಟೋರು ಬರೋದೇ ಇಲ್ಲ. ಕೀಲುಗಳಲ್ಲಿ ಮೂಳೆ ಮೇಲೆ ಹೊದ್ದಿರೋ ನುಣುಪು ಪದರಾನೂ ಹಾಗೇನೇ. ಇವು ಅರ್ಧಕ್ಕೆ ನಿಂತ ಮೂಳೆಗಳಲ್ಲ ಮೇಡಂ, ಬಾಗಬೇಕಾದ ಕಡೆ ಬಾಗೋಕೆ, ಜಾರಬೇಕಾದ ಕಡೆ ಜಾರೋಕೆ ಇರೋ ಪೂರ್ತಿ ಬೆಳೆದ ಅಂಗಾಂಶ.

ದವಡೆಯಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ಇದೆ. ಭ್ರೂಣದ ಕೆಳದವಡೆಯಲ್ಲಿ ಮೆಕೆಲ್ ಮೃದ್ವಸ್ಥಿ ಅಂತ ಒಂದು ಕಡ್ಡಿ ಇರುತ್ತೆ, ಜರ್ಮನಿಯ ಅಂಗರಚನಾ ತಜ್ಞ ಯೋಹಾನ್ ಮೆಕೆಲ್ 1820ರಲ್ಲಿ ವಿವರಿಸಿದ್ದು. ಇದೇ ಗಟ್ಟಿಯಾಗಿ ದವಡೆ ಮೂಳೆ ಆಗುತ್ತೇನೋ ಅಂತ ಯಾರಿಗಾದ್ರೂ ಅನ್ನಿಸುತ್ತೆ. ಆಗಲ್ಲ. ದವಡೆ ಮೂಳೆ ಆ ಕಡ್ಡಿಯ ಪಕ್ಕದಲ್ಲಿ ನೇರವಾಗಿ ಕಟ್ಕೊಳ್ಳುತ್ತೆ, ಕಡ್ಡಿಯ ಹೆಚ್ಚಿನ ಭಾಗ ಮಾಯ ಆಗುತ್ತೆ, ಹಿಂದಿನ ತುದಿ ಮಾತ್ರ ಬೇರ್ಪಟ್ಟು ಕಿವಿಯೊಳಗಿನ ಸುತ್ತಿಗೆ ಮೂಳೆ ಆಗುತ್ತೆ. ಸರೀಸೃಪಗಳಲ್ಲಿ ದವಡೆಯ ಕೀಲಾಗಿರೋ ಮೂಳೆಗಳೇ ನಮ್ಮಲ್ಲಿ ಶಬ್ದ ದಾಟಿಸೋ ಸುತ್ತಿಗೆ, ಅಡಿಗಲ್ಲು ಆಗಿವೆ ಅಂತ ಜರ್ಮನಿಯವರೇ ಆದ ಅಂಗರಚನಾ ತಜ್ಞ ಕಾರ್ಲ್ ರೈಕರ್ಟ್ 1837ರಲ್ಲೇ ಭ್ರೂಣಗಳನ್ನ ನೋಡಿ ಹೇಳಿದ್ರು, ಆಮೇಲೆ ಪಳೆಯುಳಿಕೆಗಳು ಅದನ್ನೇ ತೋರಿಸಿದ್ವು.

ಇನ್ನು ಶಾರ್ಕ್. ಭ್ರೂಣದಲ್ಲಿ ಮೃದ್ವಸ್ಥಿ ಮೊದಲು ಮೂಳೆ ಆಮೇಲೆ, ಹಾಗಾಗಿ ಇತಿಹಾಸದಲ್ಲೂ ಶಾರ್ಕ್ ಮೊದಲು ಮೂಳೆಮೀನು ಆಮೇಲೆ ಅಂತ ತುಂಬಾ ಕಾಲ ಪುಸ್ತಕಗಳಲ್ಲಿ ನಡ್ಕೊಂಡು ಬಂತು, ನಾವೂ ಅದನ್ನೇ ನುಂಗಿ ಬರೆದುಬಿಟ್ವಿ. ಒಂದು ಅಂಗಾಂಶವಾಗಿ ಮೃದ್ವಸ್ಥಿ ಮೂಳೆಗಿಂತ ಹಳೇದೇ, ಸ್ಕ್ವಿಡ್‌ಗಳಲ್ಲೂ ಮೃದ್ವಸ್ಥಿ ಥರದ್ದು ಇದೆ, ದವಡೆಯಿಲ್ಲದ ಲ್ಯಾಂಪ್ರೇಗಳಲ್ಲಿ ಇರೋದೂ ಅದೇ. ಆದ್ರೆ ಮೂಳೆ ಮೊದಲು ಕಾಣಿಸ್ಕೊಂಡದ್ದು ಮೃದ್ವಸ್ಥಿಯೊಳಗಲ್ಲ, ಚರ್ಮದಲ್ಲಿ. ಸುಮಾರು 45 ಕೋಟಿ ವರ್ಷದ ಹಿಂದಿನ ದವಡೆಯಿಲ್ಲದ ಮೀನುಗಳ ಮೈಮೇಲೆ ಮೂಳೆಯ ಕವಚ ಇತ್ತು. ನಮ್ಮ ನೆತ್ತಿಯ ಮೂಳೆಗಳೂ ಕೊರಳೆಲುಬೂ ಆ ಕವಚದ ವಂಶದವೇ, ಮೃದ್ವಸ್ಥಿ ಇಲ್ಲದೆ ನೇರವಾಗಿ ಹುಟ್ಟೋ ದಾರಿಯನ್ನ ಅವು ಇವತ್ತಿಗೂ ಬಿಟ್ಟಿಲ್ಲ.

ಶಾರ್ಕ್‌ಗಳ ಪೂರ್ವಜರಿಗೂ ಮೂಳೆ ಇತ್ತು. ಹೊರಗಿನ ಕವಚ ಅಷ್ಟೇ ಇತ್ತು, ಒಳಗಿನ ಮೂಳೆ ಇರಲಿಲ್ಲ ಅಂತ ವಾದ ಮಾಡೋಕೆ ಜಾಗ ಇತ್ತು, 2020ರಲ್ಲಿ ಅದೂ ಅಲುಗಾಡಿತು. ಮಂಗೋಲಿಯಾದಲ್ಲಿ ಸಿಕ್ಕ ಮಿಂಜಿನಿಯಾ ಅನ್ನೋ, ಸುಮಾರು 41 ಕೋಟಿ ವರ್ಷ ಹಳೇ ಕವಚಮೀನಿನ ತಲೆಯನ್ನ ಸಿಟಿ ಸ್ಕ್ಯಾನ್ ಮಾಡಿದ್ರೆ ಒಳಗೆ ನಮ್ಮ ಮೂಳೆತುದಿಯಲ್ಲಿರೋ ಥರದ್ದೇ ಸ್ಪಂಜಿನಂಥ ಮೂಳೆ ಕಂಡಿತು. ಆ ಮೀನು ಶಾರ್ಕ್‌ಗಳೂ ಮೂಳೆಮೀನುಗಳೂ ಕವಲೊಡೆಯೋಕೆ ಮುಂಚಿನ ಕೊಂಬೆಗೆ ಸೇರಿದ್ದು. ಅಂದ್ರೆ ಶಾರ್ಕ್ ಮೂಳೆಯ ತನಕ ತಲುಪದೆ ನಿಂತ ಮೀನಲ್ಲ, ಇದ್ದ ಮೂಳೆಯನ್ನ ಬಿಟ್ಟ ಮೀನು. 2014ರಲ್ಲಿ ಸಿಂಗಪುರದ ಬೈರಪ್ಪ ವೆಂಕಟೇಶ್ ಮುಂದಾಳತ್ವದ ತಂಡ ಶಾರ್ಕ್‌ಗಳ ಹತ್ತಿರದ ಸಂಬಂಧಿ ಎಲಿಫೆಂಟ್ ಶಾರ್ಕ್‌ನ ಜೀನೋಮ್, ಅಂದ್ರೆ ಅದರ ಪೂರ್ತಿ ಡಿಎನ್‌ಎ, ಓದಿದಾಗ, ಮೂಳೆಮೀನುಗಳಲ್ಲಿ ಕ್ಯಾಲ್ಸಿಯಂ ಹಿಡಿದು ಕೂರಿಸೋ ಪ್ರೋಟೀನುಗಳ ಒಂದು ಜೀನ್ ಕುಟುಂಬ ಅದರಲ್ಲಿ ಇಲ್ಲದಿರೋದು ಕಂಡಿತು, ಆ ಕುಟುಂಬದ ಒಂದು ಜೀನನ್ನ ಜೀಬ್ರಾಮೀನಿನಲ್ಲಿ ತಗ್ಗಿಸಿದ್ರೆ ಮೂಳೆ ಕಟ್ಟೋದು ಕಮ್ಮಿ ಆಯ್ತು.

ಹಾಗಂತ ಶಾರ್ಕಿನ ಅಸ್ಥಿಪಂಜರ ಮೆತ್ತಗೇನೂ ಇಲ್ಲ. ಅದರ ಮೃದ್ವಸ್ಥಿಯ ಮೇಲ್ಮೈಯ ಹೆಚ್ಚಿನ ಭಾಗದಲ್ಲಿ ಟೆಸೆರಾ ಅನ್ನೋ ಸಣ್ಣ ಸಣ್ಣ ಗಟ್ಟಿ ಬಿಲ್ಲೆಗಳು ಮೊಸಾಯಿಕ್ ನೆಲದ ಹಾಗೆ ಹಾಸಿರ್ತವೆ, ಬಿಲ್ಲೆಗಳ ನಡುವೆ ಬಾಗೋ ನಾರು, ಒಳಗೆ ಹಗುರ ತಿರುಳು. ತೇಲೋಕೆ ನೆರವಾಗೋ ಗಾಳಿಚೀಲ ಇಲ್ಲದ ಮೀನಿಗೆ ಈ ಹಗುರ ಮೈ ದೊಡ್ಡ ಅನುಕೂಲ.

ಕೊನೆಗೆ ಪ್ಲಾಸ್ಟರ್ ಹುಡುಗ. ಅವನಿಗೆ ಹೌದು ಅಂತಾನೇ ಹೇಳಿ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತೆ, ಒಂದೆರಡು ವಾರದಲ್ಲಿ ಅಂಚುಗಳಲ್ಲಿ ನೇರವಾಗಿ ಮೂಳೆ ಕಟ್ಟೋಕೆ ಶುರುವಾಗುತ್ತೆ, ನಡುವಿನ ಸಂದಿಯನ್ನ ಮೃದ್ವಸ್ಥಿ ತುಂಬುತ್ತೆ, ಆಮೇಲೆ ಅದರ ಕೋಶಗಳು ಊದಿ, ರಕ್ತನಾಳಗಳು ಬಂದು, ಮೂಳೆ ಆ ಜಾಗ ತಗೊಳ್ಳುತ್ತೆ. ಹುಟ್ಟೋಕೆ ಮುಂಚೆ ಆದ ಎರಡೂ ದಾರಿಯ ಕೆಲಸ ಮತ್ತೊಮ್ಮೆ, ಪಕ್ಕಪಕ್ಕದಲ್ಲೇ. ಪ್ಲೇಟ್ ಸ್ಕ್ರೂ ಹಾಕಿ ತುಣುಕುಗಳು ಸ್ವಲ್ಪವೂ ಅಲ್ಲಾಡದ ಹಾಗೆ ಬಿಗಿದ್ರೆ ಮೃದ್ವಸ್ಥಿ ಹೆಚ್ಚುಕಮ್ಮಿ ಬರೋದೇ ಇಲ್ಲ, ಪ್ಲಾಸ್ಟರಲ್ಲಿ ಕೂದಲೆಳೆಯಷ್ಟು ಅಲುಗಾಟ ಇದ್ದೇ ಇರುತ್ತೆ, ಅದಕ್ಕೇ ಬರುತ್ತೆ. ಪ್ಲಾಸ್ಟರ್ ಬಿಚ್ಚಿದ ದಿನ ಆ ಜಾಗ ಸವರಿ ನೋಡು ಅನ್ನಿ, ಸಣ್ಣ ಗಂಟು ಕೈಗೆ ಸಿಗಬಹುದು, ಅದು ಸವೆದು ಮೊದಲಿನ ಆಕಾರಕ್ಕೆ ಬರೋಕೆ ಇನ್ನೂ ಹಲವು ತಿಂಗಳು ಬೇಕು.