ವಿಶ್ವವಿದ್ಯಾಲಯದ ಎಚ್‌ಆರ್ ಕನ್ಸಲ್ಟೆಂಟ್ ಅಂದರೆ ನಿಜಕ್ಕೂ ಏನು ಕೆಲಸ? ಕೊಡಗಿನಲ್ಲೇ ಇದ್ದು ಮಾಡಬಹುದೇ?

ನೀವು ವಿರಾಜಪೇಟೆಯಲ್ಲಿ ಬಿ.ಕಾಂ ಕೊನೇ ವರ್ಷ ಅಂತ ಬರೆದಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು: ಮಡಿಕೇರಿಯಲ್ಲಿ ಬಿ.ಕಾಂ, ಮಂಗಳೂರಿನಲ್ಲಿ ಎಂ.ಎಸ್.ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಆಮೇಲೆ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಎಚ್‌ಆರ್ ವಿಭಾಗದಲ್ಲಿ ಒಂಬತ್ತು ವರ್ಷ. ಈಗ ಮಡಿಕೇರಿಯ ಮನೆಯಿಂದಲೇ ಮೂರು ನಾಲ್ಕು ಸಂಸ್ಥೆಗಳ ಫೈಲು ನೋಡುತ್ತೇನೆ.

ಆದರೆ ಕೆಲಸ ಕಲಿತದ್ದು ಇದಕ್ಕೂ ಮೊದಲು. ಅಪ್ಪ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಸಂಜೆ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಬಿಡಿಸಿಕೊಂಡು ಕೂತರೆ ಯಾರಿಗೆ ಪೂರ್ತಿ ಹಾಜರಿ, ಯಾರಿಗೆ ಅರ್ಧ ಅಂತ ಮೇಸ್ತ್ರಿ ಹೇಳಬೇಕು, ನಾನು ಓದಬೇಕು, ಅಪ್ಪ ಬರೆಯಬೇಕು. ಅರ್ಧ ದಿನ ತಪ್ಪಿದರೆ ಶನಿವಾರ ಬಟವಾಡೆ ಹೊತ್ತಿಗೆ "ರೈಟ್ರೇ, ನಂದೊಂದು ಅರ್ಧ ಹೋಗಿದೆ" ಅಂತ ಬಾಗಿಲಲ್ಲಿ ನಿಲ್ಲುವವರು ಇದ್ದೇ ಇರುತ್ತಿದ್ದರು.

ಇವತ್ತಿಗೂ ನನ್ನ ಕೆಲಸ ಅದೇ, ಹಾಜರಿ ಹಾಕಿಸಿಕೊಳ್ಳುವವರು ಪ್ರೊಫೆಸರುಗಳು, ಅಷ್ಟೇ. ಒಂದು ಉದಾಹರಣೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರು ಮೊದಲ ಹಂತದಿಂದ ಮುಂದಿನದಕ್ಕೆ ಹೋಗಲು ಪಿಎಚ್.ಡಿ ಇದ್ದರೆ 4 ವರ್ಷ, ಎಂ.ಫಿಲ್ ಇದ್ದರೆ 5, ಎರಡೂ ಇಲ್ಲದಿದ್ದರೆ 6 ವರ್ಷದ ಸೇವೆ ಆಗಿರಬೇಕು. ಕೇಳಲು ಸುಲಭ. ಆದರೆ ಒಬ್ಬರು ಕೆಲಸಕ್ಕೆ ವರದಿ ಮಾಡಿಕೊಂಡ ಪತ್ರದಲ್ಲಿ 'ಅಪರಾಹ್ನ' ಅಂತಿತ್ತು, ಸೇವಾ ಪುಸ್ತಕದಲ್ಲಿ (ನೌಕರಿಯ ಪೂರ್ತಿ ದಾಖಲೆ) 'ಪೂರ್ವಾಹ್ನ'. ಅರ್ಧ ದಿನದ ವ್ಯತ್ಯಾಸ, ಫೈಲು ತಿರುಗಿ ಬಂತು. ಎಂಟು ತಿಂಗಳು ಅಲೆದದ್ದು ಆ ಒಂದು ಪದಕ್ಕೆ.

ಇನ್ನೊಂದು ಪ್ರಕರಣ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಖಾಸಗಿ ಕಾಲೇಜೊಂದರ ಉಪನ್ಯಾಸಕಿ 14 ವರ್ಷ ದುಡಿದು ಕೆಲಸ ಬಿಟ್ಟರು. ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿ, ಕೇಳಿದರು. "ಮೇಡಂ, ಟೀಚರ್‌ಗಳಿಗೆ ಗ್ರಾಚ್ಯುಟಿ ಬರಲ್ಲ" ಅಂತ ಆಡಳಿತ ಮಂಡಳಿಯವರು ಕೈತೊಳೆದುಕೊಂಡರು. ಅದು ಪೂರ್ತಿ ಕಟ್ಟುಕಥೆಯೂ ಅಲ್ಲ. ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯಡಿ 'ಉದ್ಯೋಗಿ' ಅಲ್ಲ ಅಂತ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತ್ತು. ಆದರೆ ಸಂಸತ್ತು 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಅವರನ್ನೂ ಸೇರಿಸಿತು. ಅದನ್ನು 2022ರಲ್ಲಿ ಕೋರ್ಟೂ ಎತ್ತಿಹಿಡಿಯಿತು. ಲೆಕ್ಕ ಒಂದು ಚೀಟಿಯ ಮೇಲೆ ಬರೆದುಕೊಟ್ಟೆ: ಕೊನೆಯ ಮೂಲ ವೇತನ, ತುಟ್ಟಿಭತ್ಯೆ ಸೇರಿ 39,000, ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ವರ್ಷಕ್ಕೆ 22,500, 14 ವರ್ಷಕ್ಕೆ 3,15,000. ಚೀಟಿ ನೋಡಿ ಆ ಉಪನ್ಯಾಸಕಿ ಮೊದಲು ಕೇಳಿದ್ದು, "ಇಷ್ಟಾ?"

ನಾನು ಸಲಹೆ ಕೊಡುವುದು ಸಂಸ್ಥೆಗೆ, ಸಂಬಳವೂ ಅಲ್ಲಿಂದಲೇ. ಹಾಗಾಗಿ ಇಂಥ ಚೀಟಿ ಬರೆದರೆ ಕೆಲವರಿಗೆ ಸಿಟ್ಟು ಬರುತ್ತದೆ. ಒಂದು ಕಡೆ ಕರಾರು ಮುಂದುವರಿಸಲೂ ಇಲ್ಲ. ಹೋಗಲಿ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 'ಎಚ್‌ಆರ್' ಬೋರ್ಡು ಹುಡುಕಬೇಡಿ, ಅಲ್ಲಿ ಅದು ಕುಲಸಚಿವರ ಕೈಕೆಳಗಿನ ಸಿಬ್ಬಂದಿ ಶಾಖೆ. ಮೀಸಲಾತಿ ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಅನ್ನುವ ಪಟ್ಟಿ), ಬಡ್ತಿ, ಅತಿಥಿ ಉಪನ್ಯಾಸಕರ ಕಡತ ಎಲ್ಲ ಅಲ್ಲೇ. ಕನ್ಸಲ್ಟೆಂಟ್ ಅಂತ ಕರೆಯುವುದು ಹೆಚ್ಚಾಗಿ ಖಾಸಗಿ, ಡೀಮ್ಡ್ ಸಂಸ್ಥೆಗಳು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಆದಾಗ ಊರಲ್ಲೇ ಕೆಲಸ ಸಿಗುತ್ತದೆ ಅಂತ ಎಷ್ಟೋ ಮಂದಿ ನನಗೆ ಫೋನ್ ಮಾಡಿದ್ದರು. ಅದನ್ನು ನಂಬಿಕೊಂಡು ಓದಬೇಡಿ. ಮೊದಲು ಐದಾರು ವರ್ಷ ಹೊರಗಡೆ ದೊಡ್ಡ ಸಂಸ್ಥೆಯಲ್ಲಿ ಫೈಲು ತಿರುವಿಹಾಕಿ, ಆಮೇಲೆ ಬೆಟ್ಟ ಹತ್ತಿ.

ಪದವಿ ಎಂ.ಎಸ್.ಡಬ್ಲ್ಯು ಆದರೂ ಸರಿ, ಎಂ.ಬಿ.ಎ ಆದರೂ ಸರಿ. ನಿಮ್ಮ ನೆಂಟರಲ್ಲಿ ನಿವೃತ್ತ ಮೇಷ್ಟ್ರು ಇದ್ದರೆ ಅವರ ಸೇವಾ ಪುಸ್ತಕದ ಜೆರಾಕ್ಸ್ ಕೇಳಿ, ಮೊದಲ ಪುಟದಿಂದ ಓದಿ. ನಿದ್ದೆ ಬಂದರೆ ಬೇರೆ ಕೆಲಸ ನೋಡಿಕೊಳ್ಳಿ.

ಮಡಿಕೇರಿಯಿಂದ ಮಾಡಬಹುದಾ ಅಂದರೆ, ವರ್ಷಕ್ಕೆ ಒಂಬತ್ತು ತಿಂಗಳು ಮಾಡಬಹುದು. ಜುಲೈ ಬಂದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋದರೆ ಲ್ಯಾಪ್‌ಟಾಪ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಕೊಂಡು ಕುಶಾಲನಗರದ ತಂಗಿ ಮನೆಗೆ ಇಳಿಯುತ್ತೇನೆ.