ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡರೆ ಮುಂದೆ ಸೀಟಿಗೆ ಅನುಕೂಲವಾಗುತ್ತಾ?

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಪಿಯುಸಿ ಸೈನ್ಸಿನಲ್ಲಿ ಕನ್ನಡದ ಬದಲು ಫ್ರೆಂಚ್ ಕೊಡಿಸಿದರೆ ಎಂಜಿನಿಯರಿಂಗ್ ಸೀಟಿಗೆ ಅಥವಾ ಫಾರಿನ್‌ಗೆ ಹೋಗಲು ಅನುಕೂಲವಾಗುತ್ತಾ, ಅದಕ್ಕಾಗಿ ಬೆಂಗಳೂರಿಗೆ ಕಳಿಸಬೇಕಾ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲೇ ಪಿಯು ಉಪನ್ಯಾಸಕಿ. ಅಡ್ಮಿಷನ್ ಸಮಯದಲ್ಲಿ ತುಂಬಾ ಪೋಷಕರು ಇದನ್ನೇ ಕೇಳುತ್ತಾರೆ.

ಇಲ್ಲಿನ ಸೀಟಿಗೆ ಏನೂ ಲಾಭವಿಲ್ಲ. ನಮ್ಮ ಬಿಐಇಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಬೇಕೆಂದರೆ ಸಿಇಟಿ ರ‍್ಯಾಂಕ್ ಬೇಕು. ಅದರಲ್ಲಿ ಅರ್ಧ ಸಿಇಟಿ ಅಂಕ, ಇನ್ನರ್ಧ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ. ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಓದಬೇಕಾದರೆ ನೀಟ್ ಪರೀಕ್ಷೆ. ಅದರ 720 ಅಂಕದಲ್ಲೂ ಭಾಷೆಗೆ ಜಾಗವಿಲ್ಲ. ಕೇಂದ್ರದ ಎಂಜಿನಿಯರಿಂಗ್ ಕಾಲೇಜುಗಳಾದ ಎನ್‌ಐಟಿಗೆ ಮಾತ್ರ ಜೆಇಇ ಪರೀಕ್ಷೆಯ ಜೊತೆಗೆ ಹನ್ನೆರಡನೇ ತರಗತಿಯಲ್ಲಿ ಶೇ. 75 (ಎಸ್‌ಸಿ, ಎಸ್‌ಟಿಗೆ 65) ಇರಬೇಕು, ಇಲ್ಲವೇ ಬೋರ್ಡಿನ ಟಾಪ್ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಆ ಲೆಕ್ಕಕ್ಕೆ ಒಂದು ಭಾಷೆ ಸೇರುತ್ತದೆ. ಆದರೆ ಹತ್ತು ವರ್ಷ ಕನ್ನಡ ಓದಿದ ಹುಡುಗಿಗೆ ಕನ್ನಡದಲ್ಲೇ ಒಳ್ಳೆ ಅಂಕ ಬರುತ್ತೆ ಅಲ್ವಾ?

ಕನ್ನಡ ಬಿಟ್ಟರೆ ಸಿಇಟಿಯ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದ ಕೋಟಾ ಹೋಗುತ್ತದೆ ಎಂಬ ಭಯವೂ ಕೆಲವರಿಗಿದೆ. ಹೋಗುವುದಿಲ್ಲ. ಅವೆರಡಕ್ಕೂ ನೋಡುವುದು 1ರಿಂದ 10ನೇ ತರಗತಿಯವರೆಗಿನ ಓದನ್ನು.

ಫಾರಿನ್ ವಿಷಯಕ್ಕೆ ಬಂದರೆ ಮೊದಲು ದೇಶ ಯಾವುದು ಎಂದು ತೀರ್ಮಾನಿಸಿ, ಭಾಷೆ ಆಮೇಲೆ. ತುಂಬಾ ಮಕ್ಕಳ ಮನಸ್ಸು ಜರ್ಮನಿಯ ಮೇಲಿರುತ್ತದೆ. ಅಲ್ಲಿಗೆ ಫ್ರೆಂಚ್ ಏನು ಮಾಡುತ್ತದೆ? ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಬೋಧನಾ ಶುಲ್ಕವಿಲ್ಲ. ಕೆಲವು ಕಡೆ ಮಾತ್ರ ನಮ್ಮಂಥವರಿಗೆ ಶುಲ್ಕವಿದೆ, ಉದಾಹರಣೆಗೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಸೆಮಿಸ್ಟರಿಗೆ 1,500 ಯೂರೋ. ಆದರೆ ಬ್ಯಾಚುಲರ್ ಕೋರ್ಸುಗಳು ಹೆಚ್ಚಾಗಿ ಜರ್ಮನ್‌ನಲ್ಲೇ ಇವೆ. ಅದಕ್ಕೆ ಟೆಸ್ಟ್‌ಡಾಫ್ ಅಥವಾ ಡಿಎಸ್‌ಎಚ್ ಪರೀಕ್ಷೆ, ಅಂದರೆ ಹೆಚ್ಚುಕಡಿಮೆ ಸಿ1 ಮಟ್ಟದ (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಐದನೆಯದು) ಜರ್ಮನ್ ಬೇಕು. ಬರೀ ಪಿಯುಸಿ ಮಾರ್ಕ್ಸ್ ಕಾರ್ಡ್ ಹಿಡಿದು ನೇರವಾಗಿ ಸೇರುವುದೂ ಸಾಮಾನ್ಯವಾಗಿ ಆಗುವುದಿಲ್ಲ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಅಥವಾ ಇಲ್ಲಿ ಡಿಗ್ರಿ ಒಂದು ವರ್ಷ ಓದಿರಬೇಕು, ಇಲ್ಲವಾದರೆ ಅಲ್ಲಿ ಸ್ಟುಡಿಯನ್‌ಕೊಲೆಗ್ ಎಂಬ ತಯಾರಿ ಕೋರ್ಸ್ ಮುಗಿಸಬೇಕು. ಆದ್ದರಿಂದ ಭಾಷೆ ಕಲಿಯಲು ಅವಳಿಗೆ ಸಮಯವಿದೆ, ಗಾಬರಿ ಬೇಡ.

ಫ್ರಾನ್ಸೇ ಅವಳ ಆಸೆಯಾಗಿದ್ದರೂ ಪಿಯುಸಿಯ ಫ್ರೆಂಚ್ ಅಂಕ ನಂಬಬೇಡಿ. ಫ್ರೆಂಚ್‌ನಲ್ಲೇ ಪಾಠ ನಡೆಯುವ ಕೋರ್ಸಿಗೆ ಡೆಲ್ಫ್‌ನಂಥ ಫ್ರೆಂಚ್ ಭಾಷಾ ಪರೀಕ್ಷೆಯ ಸರ್ಟಿಫಿಕೇಟ್ ಕೇಳುತ್ತಾರೆ, ಸಾಮಾನ್ಯವಾಗಿ ಬಿ2. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಅಲ್ಲದ ಭಾಷೆಯನ್ನು ಎರಡು ವರ್ಷ ಓದಿರಬೇಕು ಅನ್ನುತ್ತಾರೆ. ಅದು ಫ್ರೆಂಚೇ ಆಗಬೇಕೆಂದಿಲ್ಲ, ನಮ್ಮ ಕನ್ನಡವೂ ಇಂಗ್ಲಿಷ್ ಅಲ್ಲದ ಭಾಷೆಯೇ.

ಭಾಷೆಯನ್ನೇ ಮುಖ್ಯವಾಗಿ ಓದುವ ಆಸೆ ಅವಳಿಗಿದ್ದರೆ ನನಗೆ ತುಂಬಾ ಖುಷಿ. ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದಲ್ಲಿ ಫ್ರೆಂಚ್, ಜರ್ಮನ್, ಜಪಾನೀಸ್, ಕೊರಿಯನ್ ಬಿಎ ಇವೆ. ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಸೇರಬಹುದು, ಭಾಷೆಯನ್ನು ಮೊದಲ ವರ್ಷದಲ್ಲಿ ಅಆಇಈ ಮಟ್ಟದಿಂದಲೇ ಕಲಿಸುತ್ತಾರೆ. ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ)ನಲ್ಲೂ ಇಂಥ ಕೋರ್ಸುಗಳಿವೆ.

ಸುಮ್ನೆ ಫ್ರೆಂಚ್‌ಗಾಗಿ ಮಗಳನ್ನು ಬೆಂಗಳೂರಿನ ಹಾಸ್ಟೆಲ್ಲಿಗೆ ಕಳಿಸಬೇಡಿ. ಇಲ್ಲೇ ಓದಲಿ. ಆಸಕ್ತಿಯಿದ್ದರೆ ಜರ್ಮನ್ ಕಲಿಸುವ ಸಂಸ್ಥೆಯಾದ ಮ್ಯಾಕ್ಸ್ ಮ್ಯುಲ್ಲರ್ ಭವನದ ಆನ್‌ಲೈನ್ ಕ್ಲಾಸಿನಲ್ಲಿ ಈ ರಜೆಯಲ್ಲೇ ಜರ್ಮನ್ ಎ1 ಶುರು ಮಾಡಲಿ. ಸೆಕೆಂಡ್ ಪಿಯುಸಿಯಲ್ಲಿ ಓದು ಜಾಸ್ತಿ, ಆಗ ನಿಲ್ಲಿಸಿ ಸಿಇಟಿ ಮುಗಿದ ಮೇಲೆ ಮುಂದುವರಿಸಬಹುದು. ಅವಳ ಮನಸ್ಸಿನಲ್ಲಿ ಯಾವ ದೇಶ, ಯಾವ ಕೋರ್ಸ್ ಇದೆ ಎಂದು ಕೇಳಿ ಬರೆಯಿರಿ, ಅದಕ್ಕೆ ತಕ್ಕಂತೆ ಹೇಳುತ್ತೇನೆ.